ಅರವತ್ತೈದಕ್ಕೆ ರಾಣಿ ಬಣ್ಣ

'ಈ ಸೀರೆ ಉಡಬೇಡ' ಅಂತ ಹೇಳೋದಕ್ಕೆಂದೇ ಬಸ್ ಹತ್ತಿ ಹೋಗಿದ್ದೀರಾ ಯಾವತ್ತಾದರೂ? ನಾನು ಹೋಗಿದ್ದೀನಿ. ಮೊನ್ನೆ ಮೊನ್ನೆ, ಶಿವಮೊಗ್ಗದ ದುರ್ಗಿಗುಡಿಯಿಂದ ಭದ್ರಾವತಿಯ ಜನ್ನಾಪುರಕ್ಕೆ. ಹೇಳಬೇಕಾಗಿದ್ದು ಸ್ವಂತ ಅಕ್ಕನಿಗೆ. ಅದೂ ಅವಳ ಮಗನ ಮದುವೆಯ ಸೀರೆ!

ತಪ್ಪು ಶುರುವಾಗಿದ್ದು ವಾಟ್ಸಾಪಿನಲ್ಲಿ. (ಈಗೀಗ ಯಾವ ತಪ್ಪು ಬೇರೆ ಕಡೆ ಶುರುವಾಗುತ್ತೆ ಹೇಳಿ?) ಮದುವೆಗೆಂದು ಮಾಡಿದ ಫ್ಯಾಮಿಲಿ ಗ್ರೂಪಲ್ಲಿ ನನ್ನ ಮಗಳು ಸಿಂಧು ಒಂದು ಮೆಸೇಜ್ ಹಾಕಿದಳು. 'ಸೀನಿಯರ್ ಲೇಡೀಸ್ ದಯವಿಟ್ಟು ಲೈಟ್ ಶೇಡ್ಸ್ ಉಡಿ. ರಾಣಿ, ರಾಮಾ ಗ್ರೀನ್, ಅರಿಶಿನ, ಮೆರೂನ್ ಬೇಡ. ಫೋಟೋದಲ್ಲಿ ತುಂಬಾ ಔಟ್‌ಡೇಟೆಡ್ ಕಾಣುತ್ತೆ.' ಕೆಳಗೆ ಕೈಮುಗಿಯೋ ಎಮೋಜಿ ಬೇರೆ.

ನಮ್ಮ ಕಡೆಯ ಸೀನಿಯರ್ ಲೇಡೀಸೆಲ್ಲ ಅದಕ್ಕೆ ಹೆಬ್ಬೆರಳು ಒತ್ತಿದರು. ನಾನೂ ಒತ್ತಿದೆ. ಅಕ್ಕನದು ಮಾತ್ರ ಸುದ್ದಿಯೇ ಇಲ್ಲ.

'ಅಮ್ಮ, ದೊಡ್ಡಮ್ಮ ರಾಣಿ ಕಲರ್ ರೇಷ್ಮೆ ಸೀರೆ ತಗೊಂಡಿದಾರಂತೆ, ಗಾಢ ಗುಲಾಬಿಗೆ ಗಿಳಿಹಸಿರು ಬಾರ್ಡರ್! ನೀನೇ ಹೋಗಿ ಹೇಳು, ಪ್ಲೀಸ್' ಅಂದಳು ಸಿಂಧು.

ನಮ್ಮ ಸರೋಜಕ್ಕನಿಗೆ ಅರವತ್ತೈದು. ಭಾವ ಫ್ಯಾಕ್ಟರಿಯಲ್ಲಿದ್ದು ರಿಟೈರ್ ಆದವರು. ಅಕ್ಕ ಮಾತ್ರ ಇನ್ನೂ ರಿಟೈರ್ ಆಗಿಲ್ಲ. ಮನೆ ಮುಂದಿನ ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು ನಲವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದಾಳೆ. ಆ ಬೀದಿಯ ಹೆಣ್ಣುಮಕ್ಕಳೆಲ್ಲ ಅವಳು ಹೊಲಿದ ರವಿಕೆಯಲ್ಲೇ ಧಾರೆಗೆ ನಿಂತವರು. ಅವಳು ಮಾತ್ರ ಯಾರಾದರೂ ಕೊಟ್ಟ ಸೀರೆಯಲ್ಲೇ ಕಾಲ ಹಾಕಿದಳು. ನಾದಿನಿ ಮದುವೆಯಲ್ಲಿ ಕೊಟ್ಟಿದ್ದು, ಯಾರದೋ ಗೃಹಪ್ರವೇಶದಲ್ಲಿ ಬಂದಿದ್ದು. ತಾನೇ ಅಂಗಡಿಗೆ ಹೋಗಿ, ತಾನೇ ಆರಿಸಿ, ಹೊಲಿಗೆ ದುಡ್ಡಲ್ಲಿ ತಗೊಂಡ ಮೊದಲ ರೇಷ್ಮೆ ಸೀರೆ ಇದು. ಮಗನ ಧಾರೆಗೆ ಅದನ್ನೇ ಉಡಬೇಕು ಅನ್ನೋದು ಅವಳ ಆಸೆ. ಅದಕ್ಕೆ ಕಲ್ಲು ಹಾಕೋಕೆ ಹೊರಟವಳು ನಾನು!

ಬರಿಗೈಯಲ್ಲಿ ಹೋಗೋಕಾಗುತ್ತಾ? ಗಾಂಧಿ ಬಜಾರಿಗೆ ಹೋದೆ. 'ಆಂಟಿ, ನಿಮ್ಮ ಏಜಿಗೆ ಇದೇ ಡೀಸೆಂಟ್' ಅಂತ ಸೇಲ್ಸ್ ಹುಡುಗಿ ಬಿಸ್ಕೆಟ್ ಬಣ್ಣದ ಸೀರೆ ಬಿಡಿಸಿಟ್ಟಳು. ಅಂಗಡಿ ಲೈಟಿಗೆ ಹಾಲಿನ ಕೆನೆ ಥರ ಹೊಳೀತಿತ್ತು. ಒಂದು ನನಗೆ, ಒಂದು ಅಕ್ಕನಿಗೆ ಅಂತ ಎರಡು ಕಟ್ಟಿಸಿದೆ.

ಅಕ್ಕ ಕಾಫಿ ಕೊಟ್ಟು ಬಾಬಿನ್ನಿಗೆ ದಾರ ಸುತ್ತೋಕೆ ಕೂತಳು. ನಾನು ಬಿಸ್ಕೆಟ್ ಸೀರೆ ಮುಂದಿಟ್ಟು, ಸುತ್ತಿ ಬಳಸಿ ವಿಷಯ ತೆಗೆದೆ. ಈಗಿನ ಫೋಟೋದವರು ಹಾಗಂತೆ, ಹೀಗಂತೆ, ಗಾಢ ಬಣ್ಣದಲ್ಲಿ ನಾವು ಮುದುಕಿಯರ ಥರ ಕಾಣ್ತೀವಂತೆ.

'ಅಂದ್ರೆ ಮುದುಕಿ ಥರ ಕಾಣಬಾರದು ಅಂತ ಮುದುಕಿ ಬಣ್ಣ ಉಡಬೇಕಾ? ಎಂಥ ಲೆಕ್ಕ ಮಾರಾಯ್ತಿ ನಿಂದು!'

'ನಾಲ್ಕು ಜನ ನೋಡ್ತಾರಕ್ಕ.'

'ನೋಡ್ಲಿ ಅಂತಾನೇ ತಗೊಂಡಿದ್ದು.'

ಅಷ್ಟು ಹೇಳಿ ಎದ್ದು ನನ್ನನ್ನ ಅಂಗಳಕ್ಕೆ ಎಳಕೊಂಡು ಹೋದಳು. ಅವಳ ಕಸುಬಿನ ನಿಯಮ ಅದು. ಯಾವ ಸೀರೆ ಬರಲಿ, ದಾರ, ಲೈನಿಂಗ್ ಆರಿಸೋ ಮುಂಚೆ ಬಿಸಿಲಿಗೆ ಹಿಡಿದು ನೋಡಲೇಬೇಕು. ಟ್ಯೂಬ್‌ಲೈಟಿನ ಕೆಳಗೆ ಕಂಡ ಬಣ್ಣವನ್ನು ಅವಳು ನಂಬೋದೇ ಇಲ್ಲ. ಬಿಸ್ಕೆಟ್ ಸೀರೆ ಬಿಡಿಸಿ ನನ್ನ ಹೆಗಲಿಗೆ ಹಾಕಿ, ಕನ್ನಡಿ ತಂದು ಮುಖಕ್ಕೆ ಹಿಡಿದಳು.

ಅಯ್ಯೋ ದೇವರೇ! ವಾರ ಜ್ವರ ಬಂದು ಎದ್ದವಳ ಮುಖ. ಸೀರೆಯೋ, ಅಕ್ಕಿ ತೊಳೆದ ನೀರಿನ ಬಣ್ಣ. ಆಮೇಲೆ ಒಳಗಿಂದ ತನ್ನ ರಾಣಿ ಬಣ್ಣದ ಸೀರೆ ತಂದು, ಸೆರಗು ಹೊದ್ದು ಪಕ್ಕದಲ್ಲಿ ನಿಂತಳು. ಅಕ್ಕನ ಕಪ್ಪು ಮೈಬಣ್ಣ, ಬಿಳಿಗೂದಲು, ಮೂಗುತಿ ಎಲ್ಲಕ್ಕೂ ಕಳೆ ಬಂತು.

'ನಲವತ್ತು ವರ್ಷ ಊರವರ ಬಣ್ಣಕ್ಕೆಲ್ಲ ದಾರ ಹುಡುಕಿದೀನಿ ಕಣೇ. ನನಗೆ ಯಾವುದು ಹೊಂದುತ್ತೆ ಅಂತ ನಂಗೊತ್ತಿಲ್ವಾ?' ಅಂದಳು. ಆಮೇಲೆ ಹೊದ್ದ ಸೆರಗು ತೆಗೆದಳು. ಸೀರೆ ಮಡಿಸುತ್ತಾ, 'ನೀವೆಲ್ಲ ಬೇಡ ಅಂದ್ರೆ ಉಡಲ್ಲ ಬಿಡು. ಮಗನ ಮದುವೇಲಿ ಜಗಳ ಯಾಕೆ' ಅಂದಳು.

ಕೆನ್ನೆಗೆ ಹೊಡೆದಂಗಾಯ್ತು. ನಾಚಿಕೆಯಾಯ್ತು, ಈಗ ಬರೆಯೋಕೂ ನಾಚಿಕೆ. ಹೆಬ್ಬೆರಳು ಒತ್ತೋ ಮುಂಚೆ ಒಂದು ಕ್ಷಣ ಯೋಚನೆ ಮಾಡಬಾರದಿತ್ತಾ ನಾನು?

ಅಲ್ಲಾ, ಈ ರೂಲ್ಸ್ ಮಾಡೋರಾದರೂ ಯಾರು? ಹಿಂದೆ ಹಿರಿಯರು 'ಈ ವಯಸ್ಸಲ್ಲಿ ಇಂಥ ಬಣ್ಣವಾ?' ಅಂತ ಮೂಗು ಮುರೀತಿದ್ದರು. ಈಗ ಕಿರಿಯರು ಅದನ್ನೇ ಸ್ಟೈಲಿಂಗ್ ಟಿಪ್ಸ್ ಅಂತಾರೆ. ಎರಡರಲ್ಲೂ ಮಾಸಲು ಸೀರೆ ಉಡಬೇಕಾದವರು ನಾವೇ. ನಮ್ಮ ಭಾವ ಇಪ್ಪತ್ತೈದಕ್ಕೆ ಬಿಳಿ ಪಂಚೆ, ಬಿಳಿ ಶರ್ಟು. ಎಪ್ಪತ್ತಕ್ಕೂ ಅದೇ. ಅವರನ್ನ ಔಟ್‌ಡೇಟೆಡ್ ಅಂದವರುಂಟಾ? ಅಕ್ಕನ ಬೀದಿಯಲ್ಲಿ ಫ್ಯಾಕ್ಟರಿ ಕೆಲಸಕ್ಕೆಂದು ಬಂದು ನೆಲೆಸಿದವರ ಮನೆಯ ತಮಿಳು ಅಜ್ಜಿಯರಿದ್ದಾರೆ. ಎಂಬತ್ತಕ್ಕೂ ಅರಿಶಿನ ಬಣ್ಣದ ಸೀರೆ ಉಟ್ಟು, ಕನಕಾಂಬರ ಮುಡಿದು ಹೊರಟರೆ ಬೀದಿಗೇ ಹಬ್ಬ. ನನ್ನ ಕೇಳಿದರೆ, ಹೆಂಗಸಿಗೆ ವಯಸ್ಸು ತರೋದು ಒಂದೇ ಬಣ್ಣ. ಬೇರೆಯವರು 'ನಿಂಗಿದು ಸಾಕು' ಅಂತ ಆರಿಸಿಕೊಟ್ಟ ಬಣ್ಣ.

ಅಲ್ಲೇ ಜಗಲಿಯಲ್ಲಿ ಕೂತು ಗ್ರೂಪಿಗೆ ಬರೆದೆ. 'ಮದುಮಗನ ತಾಯಿ ರಾಣಿ ಬಣ್ಣ ಉಡ್ತಾರೆ. ನಾನು ಅರಿಶಿನ ಬಣ್ಣ. ಕಷ್ಟ ಆಗೋರು ಫೋಟೋದಿಂದ ಪಕ್ಕಕ್ಕೆ ನಿಲ್ಲಬಹುದು.'

ನೋಡಬೇಕಿತ್ತು ಆಮೇಲಿನ ಮಜಾ! ಹೆಬ್ಬೆರಳು ಒತ್ತಿದ್ದ ಸೀನಿಯರ್ ಲೇಡೀಸೆಲ್ಲ ಒಬ್ಬೊಬ್ಬರಾಗಿ ಬೀರು ತೆಗೆದರು. ಒಬ್ಬರದು ಮೆಣಸಿನಕಾಯಿ ಕೆಂಪು, ಇನ್ನೊಬ್ಬರದು ನವಿಲು ಬಣ್ಣ. ಸಿಂಧು ಎರಡು ದಿನ ಮುಖ ಊದಿಸಿಕೊಂಡಳು. (ಬಿಸ್ಕೆಟ್ ಸೀರೆ ಎರಡನ್ನೂ ವಾಪಸ್ ಕೊಟ್ಟು ಬಂದೆ. ಸೇಲ್ಸ್ ಹುಡುಗಿಯೂ ಮುಖ ಊದಿಸಿದಳು.)

ಧಾರೆ ದಿನ ಕಲ್ಯಾಣ ಮಂಟಪಕ್ಕೆ ಅಕ್ಕ ಬಂದಳು ನೋಡಿ, ನಾದಸ್ವರದವರೂ ಒಮ್ಮೆ ಕತ್ತೆತ್ತಿದರು. ಸೊಸೆ ಕೈ ಹಿಡಿದು ಮಂಟಪ ಹತ್ತಿಸುವಾಗ ಅಕ್ಕನ ನಡಿಗೆಯೇ ಬೇರೆ. ನನಗೆ ಕಣ್ಣು ತುಂಬಿ ಬಂತು.

ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ವಿ. ಸಿಂಧು ಮೆಲ್ಲಗೆ ಬಂದು ಅಕ್ಕನ ಸೆರಗು ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು.

'ದೊಡ್ಡಮ್ಮ, ಮುಂದಿನ ತಿಂಗಳು ನನ್ನ ಫ್ರೆಂಡ್ ಮದುವೆ. ಒಂದು ದಿನಕ್ಕೆ ಇದನ್ನ ಕೊಡ್ತೀರಾ?'

ಅಕ್ಕ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

'ಈ ಬಣ್ಣನಾ? ತಡಿಯೇ, ನಿಂಗಿನ್ನೂ ವಯಸ್ಸಾಗ್ಬೇಕು!'