ಜೆಸಿಬಿ ಮುಂದೆ ಮಣೆ ಹಾಕಿದ ಸರೋಜಕ್ಕ

ಯುಗಾದಿಗೆ ಇನ್ನೇನು ಒಂದು ವಾರ ಇದೆ ಎನ್ನುವಾಗ ನಮ್ಮ ಸರೋಜಕ್ಕ ಜೆಸಿಬಿ ಮುಂದೆ ಮಣೆ ಹಾಕಿಕೊಂಡು ಕೂತುಬಿಟ್ಟಳು.

ತಮಾಷೆ ಮಾಡುತ್ತಿಲ್ಲ. ಊಟಕ್ಕೆ ಕೂರುತ್ತೇವಲ್ಲ, ಅದೇ ಮಣೆ. ಅದನ್ನು ತಂದು ಬೀದಿಯ ನಟ್ಟನಡುವೆ ಇಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಹತ್ತಿಸಪ್ಪ ನನ್ನ ಮೇಲೆ, ಅದೇನಾಗುತ್ತೋ ನೋಡೇಬಿಡ್ತೀನಿ" ಎಂದಳಂತೆ. ಡ್ರೈವರ್ ಪಾಪ, ಇಂಜಿನ್ ಆಫ್ ಮಾಡಿ ಕೆಳಗಿಳಿದ. ಎದುರುಮನೆಯ ಸೆಲ್ವಿ ಓಡಿ ಬಂದು ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿದಳು. (ಸೆಲ್ವಿಗೆ ವಿಷಯ ಏನೆಂದು ಗೊತ್ತಿರಲಿಲ್ಲ. ಸರೋಜಕ್ಕ ಕೂತರೆ ತಾನೂ ಕೂರುವುದು, ಅಷ್ಟೇ.) ಮಧ್ಯಾಹ್ನದ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಸೇರಿದರು. ಜೆಸಿಬಿ ಬಂದ ದಾರಿಯಲ್ಲೇ ವಾಪಸು ಹೋಯಿತು.

ಸರೋಜಕ್ಕ ನನ್ನ ದೊಡ್ಡಪ್ಪನ ಮಗಳು. ಇರುವುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಗಂಡ ಮಂಜಣ್ಣನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗಳು ಸುಮಾ ನರ್ಸರಿ ಸ್ಕೂಲಿನಲ್ಲಿ ಟೀಚರ್. ಅಕ್ಕ ಯಾರ ತಂಟೆಗೂ ಹೋಗುವವಳಲ್ಲ. ಅಂಥವಳು ನಗರಸಭೆಯ ಒಳಚರಂಡಿ ಕೆಲಸವನ್ನೇ ನಿಲ್ಲಿಸಿದಳು ಎಂದು ಕೇಳಿದಾಗ ಶಿವಮೊಗ್ಗದಲ್ಲಿದ್ದ ನಾನು ಫೋನ್ ಹಿಡಿದುಕೊಂಡೇ ನಕ್ಕೆ.

"ನಗು ನಗು. ನಿನಗೇನು ಮಾರಾಯ್ತಿ, ಗಂಡುಮಕ್ಕಳ ತಾಯಿ" ಎಂದಳು.

ಆಗ ಅರ್ಥವಾಯಿತು. ಇದು ಚರಂಡಿಯ ವಿಷಯವೇ ಅಲ್ಲ. ಸುಮಾಳ ಮದುವೆಯ ವಿಷಯ.

ಹೊಳೆಹೊನ್ನೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನದು ಗೊಬ್ಬರದ ಅಂಗಡಿ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗನ ಅಪ್ಪ ನಾಗರಾಜಪ್ಪನವರೂ ಒಪ್ಪಿದ್ದರು. ಬಾಕಿ ಇದ್ದದ್ದು ಒಬ್ಬರೇ, ಹುಡುಗನ ಅಜ್ಜಿ ಹಾಲಮ್ಮ. ಆ ಮನೆಯಲ್ಲಿ ಅಜ್ಜಿ "ಹೂಂ" ಅನ್ನದೆ ಒಲೆಯ ಮೇಲೆ ಹಾಲೂ ಉಕ್ಕುವುದಿಲ್ಲವಂತೆ.

ಅಜ್ಜಿಯನ್ನು ಕರೆದುಕೊಂಡು ಒಮ್ಮೆ ಬಂದೂ ಇದ್ದರು. ಆದರೆ ಬೀದಿಯ ಬಾಯಲ್ಲೇ ಆಳುದ್ದ ಗುಂಡಿ. ಒಳಚರಂಡಿಯ ಪೈಪು ಹಾಕಲು ಅಗೆದಿದ್ದರು. ದಾಟಲು ಒಂದು ಹಲಗೆ. ಕೋಲೂರಿ ನಡೆಯುವ ಅಜ್ಜಿ ಆ ಹಲಗೆಯನ್ನೂ ನೋಡಿದರು, ಗುಂಡಿಯನ್ನೂ ನೋಡಿದರು, ಆಟೋದಿಂದ ಇಳಿಯಲೇ ಇಲ್ಲ. ಸುಮಾಳನ್ನು ಅಲ್ಲಿಗೇ ಕರೆತರುತ್ತೇವೆ ಎಂದರೆ, "ಆಟೋದಲ್ಲಿ ಕೂತು ನೋಡೋಕೆ ಅದೇನು ಸೊಪ್ಪಾ? ಮನೆಗೇ ಬರ್ತೀನಿ, ಇನ್ನೊಂದು ಸಲ" ಎಂದು ಹೊರಟೇಬಿಟ್ಟರು.

ಆಮೇಲೆ ನಾಗರಾಜಪ್ಪನವರ ಫೋನ್ ಬಂತು. ಸರೋಜಕ್ಕನ ಮನೆಯಲ್ಲಿ ಫೋನ್ ಇಲ್ಲ. ಪಿ.ಪಿ. ನಂಬರ್, ಮೂಲೆಯ ದಿನಸಿ ಅಂಗಡಿಯದು. ಹಿಟ್ಟಿನ ಕೈಯಲ್ಲೇ ಓಡಿದ್ದಾಳೆ. ಅಂಗಡಿಯ ಮುಂದೆ ಲಾರಿಯ ಸದ್ದು, ಒಳಗೆ ಮೆಣಸಿನಕಾಯಿ ತೂಗುವವರ ಕೆಮ್ಮು. ಅದರ ಮಧ್ಯೆ ಒಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು: "ಯುಗಾದಿ ಮುಗೀಲಿ, ಅಮ್ಮನ್ನ ಕರ್ಕೊಂಡು ಬರ್ತೀವಿ."

ಸಂತೋಷವೇ. ಯಾರಾದರೂ ಹಾಗೆಯೇ ಹೇಳುವುದು ತಾನೇ? ಹಬ್ಬ ಮುಗಿಯಲಿ, ಮಾತುಕತೆ ಇಟ್ಟುಕೊಳ್ಳೋಣ ಅಂತ. ಸರೋಜಕ್ಕ ಗೋಡೆಗೆ ಸುಣ್ಣ ಹೊಡೆಸಿದಳು. ಬೀದಿಯ ಬಾಯಿಯ ಗುಂಡಿಯನ್ನು ಅಷ್ಟರಲ್ಲಿ ಮುಚ್ಚಿದ್ದರು. ಇನ್ನು ಅಜ್ಜಿ ಆರಾಮಾಗಿ ನಡೆದು ಬರಬಹುದು ಎಂದು ಅವಳು ಖುಷಿಯಲ್ಲಿದ್ದಾಗಲೇ ಜೆಸಿಬಿ ಮತ್ತೆ ಬಂತು, ಅವಳ ಮನೆ ಕಡೆಯ ಅರ್ಧ ಬೀದಿಯನ್ನು ಅಗೆಯಲು. ಅಜ್ಜಿ ಬರುವ ಹೊತ್ತಿಗೆ ಬಾಗಿಲ ಮುಂದೆಯೇ ಕಂದಕ! ನೀವಾಗಿದ್ದರೂ ಮಣೆ ಹಾಕುತ್ತಿದ್ದಿರಿ.

ಯುಗಾದಿ ಬಂತು. ಬೇವು ಬೆಲ್ಲ ತಿಂದಾಯಿತು. ಹೊಳೆಹೊನ್ನೂರಿನಿಂದ ಸುದ್ದಿಯೇ ಇಲ್ಲ. ಸರೋಜಕ್ಕ ದಿನಾ ಅಂಗಡಿಗೆ ಹೋಗಿ, "ನಮಗೇನಾದ್ರೂ ಫೋನ್ ಬಂತಾ?" ಎಂದು ಕೇಳುವುದು, ಅಂಗಡಿಯವರು ತಲೆಯಾಡಿಸುವುದು. ಸುಮಾ ಊಟ ಕಡಿಮೆ ಮಾಡಿದಳು. ಅದನ್ನು ಅಕ್ಕ ಅಂಗಡಿಯ ಫೋನಿನಿಂದಲೇ ನನಗೆ ಹೇಳಿದಳು. ನನಗೂ ಸಂಕಟವಾಯಿತು. "ನೀನೇ ಒಂದ್ಸಲ ಹೋಗಿ ವಿಚಾರಿಸು ಲಲಿತಾ. ಬೇಡ ಅಂದ್ರೆ ಬೇಡ ಅಂತ ಹೇಳಿಬಿಡ್ಲಿ. ಹೀಗೆ ಮಾತ್ರ ಇಡ್ಬಾರ್ದು" ಎಂದಳು.

ಭಾನುವಾರ ಹೊಳೆಹೊನ್ನೂರಿನ ಬಸ್ಸು ಹತ್ತಿದೆ.

ನಾಗರಾಜಪ್ಪನವರು ನಗುನಗುತ್ತಾ ಬರಮಾಡಿಕೊಂಡರು. ಮಜ್ಜಿಗೆ ಕೊಟ್ಟರು. ಸಂಬಂಧ ಮುರಿದುಕೊಳ್ಳುವವರ ಲಕ್ಷಣ ಒಂದೂ ಇಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಅವರೇ ಕೇಳಿದರು.

"ಏನ್ ಮೇಡಂ, ಇನ್ನೂ ಮುಗಿದಿಲ್ವಂತೆ?"

"ಏನು?"

"ಯುಜಿಡಿ."

"ಯುಗಾದಿ ಮುಗಿದು ಎಷ್ಟು ದಿನ ಆಯ್ತು! ನೀವು ಬರ್ತೀರ ಅಂತ ಅವರು ದಾರಿ ಕಾಯ್ತಾನೇ ಇದ್ದಾರೆ."

"ಯುಗಾದಿ ಅಲ್ರೀ, ಯುಜಿಡಿ! ಒಳಚರಂಡಿ! ನಿಮ್ಮ ಬೀದಿ ಯುಜಿಡಿ ಮುಗೀಲಿ, ಅಮ್ಮನ್ನ ಕರ್ಕೊಂಡು ಬರ್ತೀವಿ ಅಂತ ಫೋನಲ್ಲೇ ಹೇಳಿದ್ನಲ್ಲ?"

ಮಜ್ಜಿಗೆ ನೆತ್ತಿಗೆ ಹತ್ತಿತು.

ಈ ಇಂಜಿನಿಯರುಗಳಿಗೆ ಯಾರು ಹೇಳಿಕೊಟ್ಟರೋ! ಒಳಚರಂಡಿ ಎಂಬ ಚೆಂದದ ಪದ ಇರುವಾಗ ಊರಿಗೆ ಊರೇ ಯುಜಿಡಿ, ಯುಜಿಡಿ ಎನ್ನುತ್ತಿದೆ. ಲಾರಿಯ ಸದ್ದಿನಲ್ಲಿ ಅದು ಯುಗಾದಿಯಾದರೆ ತಪ್ಪು ಯಾರದು?

ನಾಗರಾಜಪ್ಪ ಅಲ್ಲಿಗೆ ನಿಲ್ಲಿಸಲಿಲ್ಲ. "ಭದ್ರಾವತಿ ಬಸ್ಸಿನ ಕಂಡಕ್ಟರ್ ಹೇಳಿದ. ಯಾರೋ ಹೆಂಗಸ್ರು ಮಿಷನ್ ಮುಂದೆ ಮಣೆ ಹಾಕ್ಕೊಂಡು ಕೂತು ಕೆಲಸ ನಿಲ್ಲಿಸಿಬಿಟ್ರಂತೆ. ಎಂತೆಂಥ ಜನ ಇರ್ತಾರೆ ನೋಡಿ!"

"ಹೌದಾ?" ಎಂದೆ. ಆ ದಿನ ನಾನು ಅಷ್ಟು ಮಜ್ಜಿಗೆ ಯಾಕೆ ಕುಡಿದೆ ಎಂದು ಅವರಿಗೆ ಆಗ ತಿಳಿಯಲಿಲ್ಲ.

ಸೀದಾ ಭದ್ರಾವತಿಗೆ ಬಂದು ವಿಷಯ ಹೇಳಿದೆ. ಸರೋಜಕ್ಕ ಮೊದಲು ನಕ್ಕಳು. ಆಮೇಲೆ ಮುಖ ಸಣ್ಣಗಾಯಿತು. ಮಗಳ ಮದುವೆ ಯಾವುದಕ್ಕಾಗಿ ಕಾದಿತ್ತೋ ಅದನ್ನೇ ಅವಳು ನಿಲ್ಲಿಸಿದ್ದಳು!

ಅಷ್ಟರಲ್ಲಿ ಬೀದಿಯಲ್ಲಿ ಬೇರೆಯದೇ ಗಾಳಿ ಬೀಸುತ್ತಿತ್ತು. ಹೇಗೂ ಕೆಲಸ ನಿಂತಿದೆ, ಈ ನೀರು, ಚರಂಡಿ ಎಲ್ಲವನ್ನೂ ನಗರಸಭೆಯಿಂದ ಕಿತ್ತು ದೊಡ್ಡ ಕಂಪನಿಗೆ ಕೊಡಿ ಎಂದು ಕೇಳೋಣ ಎಂಬ ಮಾತು. ಶಿವಮೊಗ್ಗದಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿನಲ್ಲೂ ಟೀ ಹೊತ್ತಿಗೆ ಇದೇ ಪುರಾಣ. "ಕಂಪನಿಗೆ ಕೊಟ್ಬಿಟ್ರೆ ಫಟಾಫಟ್ ಆಗುತ್ತೆ ಮೇಡಂ" ಎನ್ನುತ್ತಾರೆ ನಮ್ಮ ಕ್ಯಾಷಿಯರ್.

ಆಗಬಹುದಪ್ಪ. ಆದರೆ ಆಗ ನಮ್ಮ ಸರೋಜಕ್ಕ ಯಾರ ಮುಂದೆ ಮಣೆ ಹಾಕಬೇಕು?

ಯೋಚಿಸಿ ನೋಡಿ. ನಲ್ಲಿಯಲ್ಲಿ ನೀರು ಬರದಿದ್ದರೆ ಯಾರನ್ನು ಬೈಯುತ್ತೇವೆ? ನಗರಸಭೆಯನ್ನು. ಬಂದರೆ ಯಾರನ್ನು ಹೊಗಳುತ್ತೇವೆ? ಮಳೆರಾಯನನ್ನು. ಬೈಯುವುದಕ್ಕಾದರೂ ಅದು ಕಾಲ್ನಡಿಗೆಯ ದೂರದಲ್ಲಿದೆ. ವಾರ್ಡಿನ ಮೆಂಬರ್ರು ಸಂತೆಯಲ್ಲಿ ಸಿಗುತ್ತಾರೆ, ವಾಲ್ವ್ ತಿರುಗಿಸುವವರ ಮನೆ ಹಿಂದಿನ ಬೀದಿಯಲ್ಲೇ ಇರುತ್ತದೆ. ಎಲ್ಲೋ ದೂರದ ಊರಿನ ಎಸಿ ರೂಮಿನಲ್ಲಿ ಕೂತವರಿಗೆ ಓಲ್ಡ್ ಟೌನಿನ ಗುಂಡಿಯ, ಅಜ್ಜಿಯ ಕತೆ ಹೇಳಲು ಯಾವ ಬಸ್ಸು ಹತ್ತುತ್ತೀರಿ? ಅಲ್ಲಿ ನಿಮ್ಮ ಮಾತು ಕೇಳುವವರಿಗಿಂತ ಮೊದಲು ನಿಮಗೆ ಸಿಗುವವನು ಗೇಟಿನ ವಾಚ್‌ಮನ್.

ಸರೋಜಕ್ಕ ಇಷ್ಟೆಲ್ಲ ಭಾಷಣ ಮಾಡಲಿಲ್ಲ. ಮರುದಿನ ಒಳ್ಳೆಯ ಸೀರೆ ಉಟ್ಟು, ಸೆಲ್ವಿಯನ್ನೂ ನನ್ನನ್ನೂ ಜೊತೆಗೆ ಹಾಕಿಕೊಂಡು ನಗರಸಭೆಗೆ ಹೊರಟಳು. (ನಾನು ರಜೆ ಹಾಕಿದೆ. ಇಂಥದ್ದನ್ನು ತಪ್ಪಿಸಿಕೊಳ್ಳಲಾಗುತ್ತದೆಯೇ?)

ಇಂಜಿನಿಯರ್ ತಲೆ ಎತ್ತಿ ನೋಡಿದರು. "ಅಯ್ಯೋ, ಮಣೆ ಅಮ್ಮ ಬಂದ್ರು! ಈಗ ಯಾವ ಬೀದಿ ನಿಲ್ಲಿಸ್ಬೇಕಮ್ಮ?"

"ನಿಲ್ಲಿಸೋಕಲ್ಲ ಸಾರ್. ಶುರು ಮಾಡಿಸೋಕೆ."

ಅವರು ಪೆನ್ನು ಕೆಳಗಿಟ್ಟರು. "ಕೂತ್ಕೊಳ್ಳಿ. ನಿಲ್ಲಿಸಿ ಅಂತ ದಿನಾ ಬರ್ತಾರೆ. ಶುರು ಮಾಡಿ ಅಂತ ಬಂದೋರನ್ನ ಈಗಲೇ ನೋಡ್ತಿರೋದು."

ಸರೋಜಕ್ಕ ಯುಗಾದಿಯ ಕತೆಯನ್ನೆಲ್ಲ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಇಂಜಿನಿಯರ್ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಆಮೇಲೆ ಗಂಭೀರವಾದರು.

"ಮಿಷನ್ ಬೇರೆ ವಾರ್ಡಿಗೆ ಹೋಗಿದೆ, ವಾಪಸ್ ಕರೆಸ್ತೀನಿ. ಆದ್ರೆ ನಿಮ್ಮ ಬೀದೀಲಿ ಇನ್ನೊಂದು ತೊಡಕಿದೆಯಮ್ಮ. ಪೈಪ್ ಹೋಗೋ ಜಾಗದಲ್ಲೇ ಎಲ್ಲರೂ ಬಟ್ಟೆ ಒಗೆಯೋ ಕಲ್ಲು ಹಾಕ್ಕೊಂಡಿದ್ದೀರಿ. ನಾವು ಮುಟ್ಟಿದ್ರೆ ಜಗಳ. ನೀವೇ ತೆಗೆಸಿಕೊಟ್ರೆ ನಮ್ಮ ಕೆಲಸ ಸಲೀಸು."

ಸರೋಜಕ್ಕ ತಲೆಯಾಡಿಸಿ ಎದ್ದಳು. ಓಲ್ಡ್ ಟೌನಿನ ಆ ಬೀದಿ ನೋಡಿದವರಿಗೆ ಗೊತ್ತು. ಮನೆಗೊಂದು ಒಗೆಯುವ ಕಲ್ಲು, ತೆರೆದ ಚರಂಡಿಯ ಪಕ್ಕದಲ್ಲೇ. ಬೆಳಗಿನ ಅರ್ಧ ಸುದ್ದಿ ಅಲ್ಲಿಯೇ ಬಿತ್ತರವಾಗುವುದು. ಅಕ್ಕನ ಕಲ್ಲು ಅವಳ ಅತ್ತೆ ಹಾಕಿಸಿದ್ದು. ಮದುವೆಯಾಗಿ ಬಂದ ಹೊಸತರಲ್ಲಿ ತವರಿನ ನೆನಪಾದಾಗ ಅದರ ಮುಂದೆ ನಿಂತು, ಬಟ್ಟೆಯ ಸದ್ದಿನಲ್ಲಿ ಅಳುತ್ತಿದ್ದಳಂತೆ. ಅದನ್ನು ನನಗೆ ಹೇಳಿದ್ದು ಅವತ್ತೇ, ಮನೆಯ ಬಾಗಿಲಿಗೆ ಬಂದ ಮೇಲೆ.

ಸಂಜೆ ಮಂಜಣ್ಣ ಶಿಫ್ಟ್ ಮುಗಿಸಿ ಜೊತೆಗಾರರನ್ನು ಕರೆತಂದ. ಹಾರೆ ಹಾಕಿ ಮೀಟಿದರು. ಮೊದಲು ಎದ್ದದ್ದು ಸರೋಜಕ್ಕನ ಕಲ್ಲು.

ಸೆಲ್ವಿ ತನ್ನ ಬಾಗಿಲಲ್ಲಿ ನಿಂತು ನೋಡಿದಳು. "ಅಯ್ಯೋ ಕಡವುಳೇ, ದೇವರೇ, ಅಕ್ಕನ ಕಲ್ಲೇ ಹೋಯ್ತು. ನಂದು ಯಾವ ಲೆಕ್ಕ, ಎತ್ತಿ ಎತ್ತಿ" ಎಂದಳು. ಅದೂ ಎದ್ದಿತು. ಪಕ್ಕದ ಮನೆಯದು, ಅದರ ಪಕ್ಕದ್ದು. ಕಂಪನಿಗೆ ಕೊಡಿ ಎನ್ನುತ್ತಿದ್ದವರಲ್ಲಿ ಒಬ್ಬರಾದ ಟೈಲರ್ ಮಾತ್ರ ತುಸು ಬಿಗುಮಾನ ಮಾಡಿದರು. ಕೊನೆಗೆ ಅವರ ಹೆಂಡತಿಯೇ ಹಾರೆ ಕೇಳಿಕೊಂಡು ಬಂದರು.

ಜೆಸಿಬಿ ಬಂತು. ಈ ಸಲ ಯಾರೂ ಮಣೆ ತರಲಿಲ್ಲ, ಮಜ್ಜಿಗೆ ತಂದರು. ಅಡ್ಡ ನಿಂತಿದ್ದ ಸ್ಕೂಟರುಗಳು ತಾವಾಗಿಯೇ ಬೇರೆ ಬೀದಿಗೆ ಹೋದವು. ಒಂದು ಕಡೆ ಅಗೆಯುವಾಗ ನೀರಿನ ಪೈಪು ಒಡೆಯಿತು. ಮೊದಲಾಗಿದ್ದರೆ ಅದೇ ಸಾಕಿತ್ತು, ಮಹಾಭಾರತವಾಗುತ್ತಿತ್ತು. ಈಗ ಸೆಲ್ವಿ ಓಡಿ ಹೋಗಿ ವಾಲ್ವ್‌ನವರನ್ನು ಊಟದಿಂದ ಎಬ್ಬಿಸಿ ತಂದಳು. ಅವರು ಕೈಯಲ್ಲಿ ಅನ್ನದ ಅಗಳಿನೊಂದಿಗೇ ವಾಲ್ವ್ ತಿರುಗಿಸಿದರು.

ಪೈಪು ಕೂತಿತು. ಚೇಂಬರುಗಳಿಗೆ ಮುಚ್ಚಳ ಬಿತ್ತು. ಮನೆಮನೆಗೂ ಸಂಪರ್ಕ ಕೊಟ್ಟು ಮೇಲೆ ಸಿಮೆಂಟು ಹಾಕಿದರು. ಸೊಳ್ಳೆ ಪೂರ್ತಿ ಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಈಗ ಆ ಬೀದಿಗೆ ಹೋದರೆ ಮೂಗಿಗೆ ಕರ್ಚೀಫ್ ಬೇಡ. ಊರ ಕೆಲಸಕ್ಕೆ ಬೆಂಬಲ ಎನ್ನುವುದಕ್ಕೆ ನಾವು ಬ್ಯಾನರು, ಜೈಕಾರ ಎಲ್ಲ ಸೇರಿಸಿ ಏನೇನೋ ಅರ್ಥ ಮಾಡಿಕೊಂಡಿದ್ದೇವೆ. ನಗರಸಭೆಗೆ ಬೇಕಾಗಿದ್ದದ್ದು ಜಾಗ ಬಿಟ್ಟ ಕೆಲವು ಕಲ್ಲುಗಳು, ಮತ್ತೆ ಒಂದಷ್ಟು ಮಜ್ಜಿಗೆ. ನಮ್ಮ ಶಿವಮೊಗ್ಗದಲ್ಲೂ ರಸ್ತೆ ಅಗೆಯುವುದನ್ನು ಕಂಡರೆ ಹಾರ್ನ್ ಒತ್ತುವವರೇ ಹೆಚ್ಚು. ಒಬ್ಬರಾದರೂ ಇಳಿದು, "ಏನು ನಡೀತಿದೆ, ನಮ್ಮಿಂದೇನಾಗ್ಬೇಕು?" ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ನೀವು ಕಂಡಿದ್ದರೆ ಹೇಳಿ, ಸಂತೋಷಪಡುತ್ತೇನೆ.

ಕಳೆದ ವಾರ ಹಾಲಮ್ಮಜ್ಜಿ ಬಂದರು.

ಆಟೋ ಮನೆಯ ಬಾಗಿಲವರೆಗೂ ಬರುತ್ತಿತ್ತು. ಅಜ್ಜಿ ಬೇಡ ಎಂದು ಬೀದಿಯ ತುದಿಯಲ್ಲೇ ಇಳಿದು, ಕೋಲೂರಿಕೊಂಡು, ಎರಡೂ ಕಡೆ ನೋಡುತ್ತಾ ನಿಧಾನವಾಗಿ ನಡೆದು ಬಂದರು. ಒಂದು ಮುಚ್ಚಳದ ಮೇಲೆ ಕೋಲಿನಿಂದ ಟಕ್ ಟಕ್ ಎಂದು ತಟ್ಟಿಯೂ ನೋಡಿದರು. ಒಳಗೆ ಎಲ್ಲರೂ ಕೂತ ಮೇಲೆ ನಾಗರಾಜಪ್ಪನವರು ಉಪ್ಪಿಟ್ಟು ಬಾಯಿಗಿಡುತ್ತಾ, "ಆ ಮಣೆ ಹಾಕ್ಕೊಂಡು ಕೂತಿದ್ದೋರು ಯಾರು ಅಂತ ಗೊತ್ತಾಯ್ತಾ?" ಎಂದರು.

ಮಂಜಣ್ಣ ಸೂರು ನೋಡಿದ. ನಾನು ಲೋಟ ನೋಡಿದೆ. ಸುಮಾ ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತುಬಿಟ್ಟಳು.

"ನಾನೇ ಅಣ್ಣಾ" ಎಂದಳು ಸರೋಜಕ್ಕ. "ಯುಜಿಡಿ ಅಂದದ್ದು ಯುಗಾದಿ ಅಂತ ಕೇಳಿಸ್ತು. ನೀವು ಬರೋ ಹೊತ್ತಿಗೆ ಬೀದಿ ಚೆನ್ನಾಗಿರ್ಲಿ ಅಂತ ಕೂತೆ."

ನಾಗರಾಜಪ್ಪನವರ ಬಾಯಿಯ ಉಪ್ಪಿಟ್ಟು ಅಲ್ಲೇ ನಿಂತಿತು. ಮಾತಾಡಿದ್ದು ಅಜ್ಜಿ.

"ಮತ್ತೆ ಶುರು ಮಾಡಿಸಿದ್ದು ಯಾರು?"

"ಅದೂ ನಾನೇ ಅಮ್ಮಾ."

ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸುಮಾಳನ್ನು ಹತ್ತಿರ ಕರೆದು ಕೂರಿಸಿಕೊಂಡರು. ಅಡುಗೆ ಬರುತ್ತಾ ಎಂದು ಕೇಳಲಿಲ್ಲ, ಹಾಡು ಬರುತ್ತಾ ಎಂದೂ ಕೇಳಲಿಲ್ಲ.

"ಈ ಪೈಪಲ್ಲಿ ಹೋಗೋದೆಲ್ಲ ಎಲ್ಲಿಗೆ ಹೋಗುತ್ತೆ ಮಗಾ?"

ಸುಮಾ ಅಮ್ಮನ ಮುಖ ನೋಡಿದಳು. ಆಮೇಲೆ ತಾನೇ ಹೇಳಿದಳು. "ಊರಾಚೆ ಶುದ್ಧ ಮಾಡೋ ಜಾಗ ಕಟ್ತಿದ್ದಾರೆ ಅಜ್ಜಿ. ಅಲ್ಲಿಗೆ ಹೋಗಿ, ಆಮೇಲೆ ಹೊಳೆಗೆ."

"ಕಟ್ಟಿ ಮುಗೀತಾ?"

"ಇನ್ನೂ ಇಲ್ಲ. ಸದ್ಯ ಸೀದಾ ಹೊಳೆಗೇ."

ಓಲ್ಡ್ ಟೌನ್ ದಾಟಿದ ಭದ್ರಾ ಹೊಳೆ ಮುಂದೆ ಹೋಗುವುದು ಹೊಳೆಹೊನ್ನೂರಿಗೇ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಜ್ಜಿ ಸುಮಾಳ ಕೈ ಬಿಡದೆ ಸರೋಜಕ್ಕನ ಕಡೆ ತಿರುಗಿದರು. "ಅಲ್ಲೂ ಹೋಗಿ ಕೂತ್ಕೋ ತಾಯಿ, ಬೇಗ ಮುಗಿಸ್ಲಿ. ಇನ್ಮೇಲೆ ನಿನ್ನ ಮಗಳೂ ಅದೇ ನೀರು ಕುಡಿಯೋಳು."

ಸರೋಜಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಒಳಗೆ ಓಡಿದಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ನಾನೂ ಅತ್ತೆ. ಮಾರನೆಯ ಬೆಳಿಗ್ಗೆ ಅವಳು ಮತ್ತೆ ನಗರಸಭೆಯಲ್ಲಿದ್ದಳು.

ಮಗಳನ್ನು ಹೊಳೆಯ ಕೆಳಗಿನ ಊರಿಗೆ ಕೊಟ್ಟವರು, ಚರಂಡಿ ನೀರು ಎಲ್ಲಿಗೆ ಹೋದರೆ ನಮಗೇನು ಅನ್ನುತ್ತಾರಾ?