ಜೇನು ಸುಟ್ಟ ಮೈದುನ

ಮೇಡ್ಲೇರಿಯ ಭರಮವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಹಿತ್ತಲಿನ ಹುಳಗಳ ಮೇಲೆ ಅವಳು ಒಂದು ದಿನವೂ ಸಿಟ್ಟಾದವಳಲ್ಲ. ಲಿಂಬೆಗಿಡದಲ್ಲಿ ಕೋಲುಜೇನು, ಬಚ್ಚಲಿನ ಸೂರಿನಡಿ ಕಣಜದ ಹುಳಗಳ ಗೂಡು. ಹೊಗೆಗೆ ಅವು ಕೆರಳುತ್ತವೆಂದು ನೀರೊಲೆಗೆ ಹಸಿ ಕಟ್ಟಿಗೆ ಹಾಕುತ್ತಿರಲಿಲ್ಲ. ಕಣಜ ತಲೆ ಸುತ್ತ ಹಾರಿದರೆ ಕೊಡ ಹಿಡಿದು ಹಾಗೇ ನಿಂತುಬಿಡುತ್ತಿದ್ದಳು. ತಾನಾಗಿ ಬಂದು ಕೂತ ಜೇನನ್ನು ಎಬ್ಬಿಸಬಾರದು ಎಂಬುದು ಅತ್ತೆ ಹೇಳಿಹೋದ ಮಾತು.

ಎರಡು ಸಾವಿರದ ಐದರ ಹಿಂಗಾರಿನಲ್ಲಿ ಬೇಲಿಯಾಚೆ ಮೈದುನ ಶಶಿಕಾಂತ ಬೀಜದ ಕಂಪನಿಯೊಂದಕ್ಕೆ ಸೌತೆ ಬೀಜದ ಪ್ಲಾಟು ಮಾಡಿದ. ನಾಳೆ ಅರಳುವ ಹೆಣ್ಣುಹೂವಿನ ಬಾಯಿಗೆ ಇಂದು ಸಂಜೆಯೇ ದಾರ ಕಟ್ಟಬೇಕು. ಬೆಳಿಗ್ಗೆ ಬಿಚ್ಚಿ, ಬೇರೆ ತಳಿಯ ಗಂಡುಹೂ ಮುಟ್ಟಿಸಿ, ಮತ್ತೆ ಕಟ್ಟಬೇಕು. ನಡುವೆ ಜೇನು ಹೊಕ್ಕರೆ ಬೀಜ ಬೆರಕೆ. ಹೀಗೆ ಕಟ್ಟಿ ಮುಟ್ಟಿಸುವುದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಓಣಿಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಭರಮವ್ವನೇ ಈ ಕೆಲಸಕ್ಕೆ ನಿಂತಳು. ಶಶಿಕಾಂತನೋ ಮಹಾ ಜಿಪುಣ. ಸಂಜೆಯ ಆಳು ದಂಡ ಎಂದು ದಾರ ಕಟ್ಟುವುದನ್ನೇ ಬಿಡಿಸಿದ. ಬೀಜ ಬೆರಕೆಯಾಗುತ್ತಿದೆ ಎಂದು ಕಂಪನಿಯವನು ಬೈದುಹೋದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಜೇನಿನ ಮೇಲೆ ಬಿದ್ದ.

“ವೈನಿ, ಆ ಜೇನ ತಗಸ್ರಿ. ನನ್ನ ಪ್ಲಾಟ್ ಹಾಳಾಗಾಕತ್ತೇತಿ.”

“ಹೂವಿಗೆ ದಾರ ಕಟ್ಟಸು. ನನ್ನ ಜೇನಿನ ಸುದ್ದಿಗೆ ಬಂದ್ರ ನೋಡು!”

ಅವಳು ರಾಣೆಬೆನ್ನೂರ ಸಂತೆಗೆ ಹೋದ ದಿನ ಅವನು ಕೋಲಿಗೆ ಅರಿವೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಜೇನಿಗೆ ಬೆಂಕಿ ಹಿಡಿದ. ಹೊಗೆಗೆ ಕೆರಳಿದ ಕಣಜಗಳು ಅವನನ್ನು ಬಿಡಲಿಲ್ಲ. ಭರಮವ್ವ ಮರಳಿದಾಗ ಲಿಂಬೆಗಿಡ ಅರ್ಧ ಸುಟ್ಟಿತ್ತು, ಜೇನಿನ ಎರಿ ಕರಕಾಗಿ ನೆಲಕ್ಕೆ ಬಿದ್ದಿತ್ತು. ಅವಳದೇ ಮನೆಯ ಕಟ್ಟೆಯ ಮೇಲೆ ಶಶಿಕಾಂತ ಒಂದು ಕಣ್ಣು ಮುಚ್ಚುವಷ್ಟು ಬಾತುಕೊಂಡು ಕೂತಿದ್ದ. ಅವಳ ಗಂಡ ಸೋಮಣ್ಣ ತಮ್ಮನಿಗೆ ಸುಣ್ಣ ಹಚ್ಚುತ್ತಿದ್ದ.

“ಇವಗ ಸುಣ್ಣಾ ಹಚ್ಚಾಕತ್ತೀರಿ. ಅಲ್ಲಿ ಸುಟ್ಟು ಬಿದ್ದದ್ದಕ್ಕ ಏನ ಹಚ್ಚತೀರಿ?”

“ಹೋಗ್ಲಿ ಬಿಡ, ಹುಳ ಅಲ್ಲೇನ” ಅಂದ ಸೋಮಣ್ಣ.

ಆ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಿಗ್ಗೆ ಪ್ಲಾಟಿನ ಕೆಲಸಕ್ಕೆ ಬಂದ ಹೆಣ್ಣುಮಕ್ಕಳನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದಳು. ಹಿತ್ತಲಿಗೆ ಹೋಗಿ ನೋಡಿದರೆ ಕುಂಬಳಬಳ್ಳಿಯಲ್ಲಿ ಹೆಣ್ಣುಹೂ ಅರಳಿದ್ದವು. ಒಂದರ ಮೇಲೂ ಹುಳವಿಲ್ಲ. ಗಂಡುಹೂ ಕಿತ್ತು ತಾನೇ ಮುಟ್ಟಿಸತೊಡಗಿದಳು.

ಬೇಲಿಯಾಚೆಯಿಂದ ಶಶಿಕಾಂತ ಕೂಗಿದ. “ವೈನಿ, ಹೂ ಅರಳ್ಯಾವು. ಬಿಸಲೇರಿದ್ರ ಬಾಡತಾವು. ಲಗೂ ಬರ್ರಿ.”

“ಹೂವಿಂದ ಹೂವಿಗೆ ತಿರುಗೂದು ಹುಳದ ಕೆಲಸ. ಆ ಹುಳಾ ಸುಟ್ಟೀದಿ. ನಿನ್ನ ಹೊಲದಾಗ ಅದ ಕೆಲಸ ಮಾಡೂ ನಾವೂ ನಿನಗ ಹುಳಾನ. ಇವತ್ತ ನೀನ ಬಗ್ಗು!”

ಶಶಿಕಾಂತ ಬಗ್ಗಿದ. ಒಂದೇ ಕಣ್ಣಿನಲ್ಲಿ ಹೂ ಹುಡುಕುತ್ತ ಹೊರಟವನಿಗೆ ಬಿಸಿಲೇರಿದರೂ ಒಂದು ಸಾಲು ಮುಗಿದಿರಲಿಲ್ಲ. ಭರಮವ್ವ ಅತ್ತ ತಿರುಗಿಯೂ ನೋಡಲಿಲ್ಲ. ಅವಳ ಮುಂದೆ ಗಂಡುಹೂ ಮುಟ್ಟಿಸಬೇಕಾದ ಕುಂಬಳ, ಹಾಗಲದ ಬಳ್ಳಿಗಳು ಇನ್ನೂ ಇದ್ದವು.