ಸೊಸೆಯ ಡಬ್ಬಿ ಕಟ್ಟುವ ಅತ್ತೆ
ಕೊಂಡಮ್ಮನಂಥ ಅತ್ತೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ಮಂಚೇನಹಳ್ಳಿಯ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಾರೆ. ಕೋಳಿ ಕೂಗುವ ಹೊತ್ತಿಗೆ ಸೊಸೆ ರೂಪಳಿಗೆ ಬಿಸಿನೀರು ಕಾದಿರುತ್ತದೆ. ಅವಳ ಜಡೆ ಹೆಣೆಯುವುದೂ ಅತ್ತೆಯೇ, ಗೌರಿಬಿದನೂರಿನ ಗಾರ್ಮೆಂಟ್ಸ್ ವ್ಯಾನು ತಡವಾದರೆ ಡ್ರೈವರಿಗೆ ಬೈಯುವುದೂ ಅತ್ತೆಯೇ. ಮಗ ಕೆಂಪರಾಜು ಬಾಡಿಗೆ ಆಟೋ ಓಡಿಸಿ ತಂದದ್ದು ಅವನ ಡೀಸೆಲ್ಲಿಗೂ ಬೀಡಿಗೂ ಸರಿಹೋಗುತ್ತದೆ. ಮನೆಯ ಒಲೆ ಉರಿಯುವುದು ಸೊಸೆಯ ಸಂಬಳದಲ್ಲಿ. “ಮದುವೆಯಾಗಿ ಆರು ವರ್ಷ ಆಯ್ತಲ್ಲ ಕೊಂಡಕ್ಕ, ಏನೂ ವಿಶೇಷ ಇಲ್ವಾ?” ಅಂತ ಯಾರಾದರೂ ಕೇಳಿದರೆ, “ಇನ್ನೂ ಎಳೇ ಹುಡುಗಿ ಕಣಮ್ಮ, ಏನವಸರ? ಹೆರಿಗೆಗೆ ಅಂತ ಹೋದ್ರೆ ಅವಳ ಮಿಷನ್ ಮುಂದೆ ಇನ್ನೊಬ್ಬಳು ಬಂದು ಕೂತ್ಕೋತಾಳೆ” ಅನ್ನುತ್ತಾಳೆ. ಹಾಗಂತ ಬಸುರಿ ಬಾಣಂತಿಯರ ವಿಷಯಕ್ಕೆ ಇಡೀ ಬೀದಿಗೆ ಇವಳೇ ಡಾಕ್ಟರಮ್ಮ. ಮುಟ್ಟು ನಿಂತ ಹುಡುಗಿ ಕಂಡರೆ, “ಎಳ್ಳು ಮುಟ್ಟಬೇಡ ಕಣೇ, ಉಷ್ಣ, ಬಸುರು ನಿಲ್ಲಲ್ಲ” ಅಂತ ಗದರುತ್ತಾಳೆ. ರೂಪಳ ಡಬ್ಬಿಯಲ್ಲಿ ಮಾತ್ರ ಆರು ವರ್ಷದಿಂದ ಅನ್ನ ಸಾರಿನ ಜೊತೆ ದಿನಾ ಒಂದು ಎಳ್ಳುಂಡೆ, ಅತ್ತೆ ಕೈಯಾರೆ ಕಟ್ಟಿದ್ದು. ಮೊನ್ನೆ ಸಂಜೆ ಡಬ್ಬಿ ತೆರೆದರೆ ಉಂಡೆ ಹಾಗೇ ಇತ್ತು. “ಇನ್ಮೇಲೆ ಎಳ್ಳು ಬೇಡ ಅತ್ತೆ” ಅಂದ ರೂಪ ನಾಚಿಕೊಂಡಳು. ಕೊಂಡಮ್ಮ ಅವಳ ಕೆನ್ನೆ ಸವರಿ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಬೆಳಗ್ಗೆ ಎದ್ದು ಎಂದಿನಂತೆ ಎಳ್ಳು ಹುರಿದಳು, ಆದರೆ ಉಂಡೆ ಕಟ್ಟಲಿಲ್ಲ. ನುಣ್ಣಗೆ ಅರೆದು, ಗುರುತು ಸಿಗದ ಹಾಗೆ ಹುಳಿಗೊಜ್ಜಿನಲ್ಲಿ ಬೆರೆಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿ ಮುಚ್ಚಿದಳು.